ಗೆರ್ಟ್ರೂಡ್ ಟೀಚರ ಗೋಡೆಯ ಕೀಗಳು

ನನ್ನ ಬಾಯಿ ದೊಡ್ಡದು. ಪಡೀಲಿನ ನಮ್ಮ ಓಣಿಯಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ. ಆದರೆ ಗೆರ್ಟ್ರೂಡ್ ಟೀಚರ ವಿಷಯ ಹೇಳಹೊರಟರೆ ಆ ಬಾಯಿಯೇ ತಡವರಿಸುತ್ತದೆ. ಅವರು ಮಾಡಿದ್ದು ಸರಿಯೋ ತಪ್ಪೋ, ನಾನು ಮಾಡಿದ್ದು ಸರಿಯೋ ತಪ್ಪೋ, ಇವತ್ತಿನವರೆಗೆ ನನಗೆ ಬಗೆಹರಿದಿಲ್ಲ.

ಟೀಚರಿಗೆ ಎಪ್ಪತ್ತೊಂದು. ಮದುವೆಯಾಗಲಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಸತ್ಯವೇದದ ಕಥೆ ಹೇಳಿ, ಈಗ ನಮ್ಮ ಎದುರಿನ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಓಣಿಯ ಅರ್ಧ ಜನ ಗಲ್ಫಿನಲ್ಲಿ. ಊರು ಬಿಡುವಾಗ ಎಲ್ಲರೂ ಮಾಡುವ ಕೊನೆಯ ಕೆಲಸ ಒಂದೇ, ಮನೆಗೆ ಬೀಗ ಹಾಕಿ ಕೀಯನ್ನು ಟೀಚರ ಕೈಗೆ ಕೊಡುವುದು. ಅವರ ಊಟದ ಕೋಣೆಯ ಗೋಡೆಯಲ್ಲಿ ಹನ್ನೊಂದು ಮೊಳೆ, ಹನ್ನೊಂದು ಮನೆಯ ಕೀ. ಶುಕ್ರವಾರ ಒಂದೊಂದೇ ಮನೆ ತೆರೆದು, ಕಿಟಕಿ ತೆಗೆದು, ಗಾಳಿ ಆಡಿಸಿ ಬರುತ್ತಾರೆ. ನಾವು ಹದಿನೈದು ದಿನ ಮುಂಬೈಗೆ ಹೋದಾಗ ನಮ್ಮ ತುಳಸಿಗೆ ನೀರು ಹಾಕಿದ್ದೂ ಅವರೇ.

ಒಮ್ಮೆ ನಮ್ಮ ಮನೆಯ ಹಿಂಬದಿಯ ಮನೆಯ ಖತೀಜಮ್ಮ ಗಲ್ಫಿನ ದಮ್ಮಾಮಿನಲ್ಲಿದ್ದಾಗ, ಧೂಳು ಹೊಡೆಯುವಾಗ ಅವರ ಗಾಜಿನ ಹೂಜಿ ಟೀಚರ ಕೈಯಿಂದ ಬಿದ್ದು ಒಡೆಯಿತು. ಟೀಚರು ಅಂದೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡರು. ಅಂಥದ್ದೇ ಹೂಜಿ ಹುಡುಕಲು ಬಿಸಿಲಿನಲ್ಲಿ ಅಂಗಡಿ ಅಂಗಡಿ ಅಲೆದರು.

"ಸುಮ್ಮನೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಟೀಚರೇ?" ಎಂದು ನಾನು ಬೈದೆ.

"ನನಗೆ ಗೊತ್ತಾಗ್ತದಲ್ಲ. ರಾಶಿ ಐಶ್ವರ್ಯಕ್ಕಿಂತ ಒಳ್ಳೆ ಹೆಸರು ಮೇಲು ಅಂತ ಸತ್ಯವೇದದಲ್ಲಿ ಜ್ಞಾನಿ ಸೊಲೊಮೋನ ಅರಸ ಹೇಳಿದ್ದುಂಟು."

"ಓಹೋ, ಹಾಗಾದ್ರೆ ಹೆಸರಿಗಾಗಿ ಮಾಡಿದ್ದಾ?"

"ಅಲ್ಲ ಮಾರಾಯ್ತಿ. ನಾವು ಸರಿಯಾಗಿ ನಡೆದ್ರೆ ಹೆಸರು ನಾಯಿಮರಿ ಹಾಗೆ ಹಿಂದಿನಿಂದ ಬರ್ತದೆ. ಕರೀಲಿಕ್ಕೆ ಹೋಗ್ಬಾರ್ದು," ಎಂದು ನಕ್ಕರು.

ಹೋದ ವರ್ಷ ನವೆಂಬರಿನ ಒಂದು ಮಧ್ಯಾಹ್ನ. ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಖತೀಜಮ್ಮನ ಬೀಗ ಹಾಕಿದ ಮನೆಯಲ್ಲಿ ಒಳಕೋಣೆಯ ಕಿಟಕಿ ಸ್ವಲ್ಪ ತೆರೆದಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು! ಶುಕ್ರವಾರವೂ ಅಲ್ಲ. ಕಳ್ಳನಾದರೆ ಫ್ಯಾನು ಹಾಕಿ ಕೂರುತ್ತಾನೆಯೇ? ಬಟ್ಟೆ ಬಿಟ್ಟು ಟೀಚರ ಮನೆಗೆ ಓಡಿದೆ. ಅವರು ಬೂತಾಯಿ ಮೀನು ಕೊಯ್ಯುತ್ತಿದ್ದರು.

"ಟೀಚರೇ, ಖತೀಜಮ್ಮನ ಮನೆಯಲ್ಲಿ ಯಾರೋ ಇದ್ದಾರೆ!"

"ಗೊತ್ತುಂಟು. ಕೀ ನಾನೇ ಕೊಟ್ಟದ್ದು."

"ಯಾರಿಗೆ?"

"ಅದು ಹೇಳ್ಲಿಕ್ಕೆ ಆಗುವುದಿಲ್ಲ ಗುಲಾಬಿ. ಮಾತು ಕೊಟ್ಟಿದ್ದೇನೆ."

"ಖತೀಜಮ್ಮನಿಗೆ ಗೊತ್ತುಂಟಾ?"

"ಇಲ್ಲ. ಕೇಳ್ಬೇಕಿತ್ತು. ಕೇಳಿದ್ರೆ ಯಾರಿಗೆ, ಯಾಕೆ ಅಂತ ಹೇಳ್ಬೇಕಾಗ್ತದೆ."

ನನಗೆ ನಖಶಿಖಾಂತ ಉರಿಯಿತು. ಹೂಜಿ ಒಡೆದದ್ದಕ್ಕೆ ಅಷ್ಟು ನೀತಿ ಹೇಳಿದವರು ಇಡೀ ಮನೆಯನ್ನೇ ಯಾರಿಗೋ ತೆರೆದುಕೊಟ್ಟಿದ್ದಾರೆ! ಅಲ್ಲಿಂದಲೇ ಖತೀಜಮ್ಮನಿಗೆ ಫೋನ್ ಮಾಡಿದೆ. "ಟೀಚರಾ? ನಂಬ್ಲಿಕ್ಕೇ ಆಗ್ತಾ ಇಲ್ಲ ಗುಲಾಬಿಯಕ್ಕ," ಎಂದು ಅವರು ಅತ್ತರು. ಫೋನಿನಲ್ಲಿ ಟೀಚರು ಅವರಿಗೂ ಅದೇ ಉತ್ತರ ಕೊಟ್ಟರು. ಹಾಗಾದರೆ ಕೀ ಗುಲಾಬಿಯಕ್ಕನಿಗೆ ಕೊಟ್ಟುಬಿಡಿ ಎಂದರು ಖತೀಜಮ್ಮ. ಟೀಚರು ಅರ್ಧ ಗಂಟೆ ಬಿಟ್ಟು ಕೀ ತಂದುಕೊಟ್ಟರು. ನಾನು ತೆರೆದು ನೋಡುವಾಗ ಒಳಗೆ ಯಾರೂ ಇರಲಿಲ್ಲ.

ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಯಿತು. ಹೇಳಿದ್ದು ನಾನೇ, ಬೇರೆ ಯಾರು? ಗುಟ್ಟಾಗಿ ಬಾಡಿಗೆಗೆ ಕೊಡುತ್ತಿದ್ದರಂತೆ ಎಂದು ಒಬ್ಬರು ಸೇರಿಸಿದರು. ಕದ್ದು ಸೇರುವವರಿಗೆ ಜಾಗ ಮಾಡಿಕೊಡುತ್ತಿದ್ದರಂತೆ ಎಂದು ಇನ್ನೊಬ್ಬರು. ಅದನ್ನು ನಾನು ಹೇಳಲಿಲ್ಲ. ಹೇಳಿದವರ ಬಾಯಿ ಮುಚ್ಚಿಸಲೂ ಇಲ್ಲ. ಒಂದು ವಾರದಲ್ಲಿ ಗೋಡೆ ಖಾಲಿ. ಯಾರೂ ಅವರ ಎದುರಿಗೆ ಬೈಯಲಿಲ್ಲ. "ಮಗ ಬರ್ತಾನಂತೆ ಟೀಚರೇ, ಕೀ ಬೇಕಿತ್ತು," ಎಂದು ಅವರವರ ನೆಂಟರು ಬಂದು ನಯವಾಗಿ ಕೇಳಿ ಒಯ್ದರು. ನಾನೂ ಅಲ್ಲಿ ಇಟ್ಟಿದ್ದ ನಮ್ಮ ಮನೆಯ ಇನ್ನೊಂದು ಕೀ ಒಯ್ದೆ. ಟೀಚರು ಒಂದು ಮಾತೂ ಕೇಳದೆ ತೆಗೆದುಕೊಟ್ಟರು.

ನನ್ನ ಗಂಡ ಚಿತ್ತರಂಜನ ಕೂಳೂರಿನ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೂಪರ್‌ವೈಸರ್ ಆಗಿದ್ದರು. ಹೋಟೆಲಿನ ಊಟ ಅವರಿಗೆ ಆಗುತ್ತಿರಲಿಲ್ಲ; ಬೆಳಿಗ್ಗೆ ಒಂಬತ್ತಕ್ಕೆ ಬುತ್ತಿ ಹಿಡಿದು ಹೊರಟರೆ ಬರುತ್ತಿದ್ದದ್ದು ಸಂಜೆಯೇ. ಊಟಕ್ಕೆ ಕೂತಾಗ ಅವರಿಗೂ ಈ ಕಥೆಯನ್ನೆಲ್ಲ ಬಡಿಸಿದೆ. "ಪಾಪ, ಬಿಟ್ಟುಬಿಡು," ಎಂದರು. "ಎಂತ ಪಾಪ? ನಿಮಗೆ ಎಲ್ಲರೂ ಪಾಪವೇ!" ಎಂದು ಹಾರಿಬಿದ್ದೆ. ಅವರು ಅನ್ನ ಕಲಸುತ್ತಲೇ ಇದ್ದರು.

ಆಮೇಲೆ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದವರು ಹನ್ನೊಂದಕ್ಕೇ ವಾಪಸ್ ಬಂದರು. ಶೂ ಕೂಡ ಬಿಚ್ಚದೆ ಮನೆಯ ಮುಂದಿನ ಚಾವಡಿಯಲ್ಲಿ ಕೂತರು.

"ಎಂತ ಆಯ್ತು? ಜ್ವರವಾ?"

"ಇಲ್ಲ. ನನಗೆ ಹೋಗ್ಲಿಕ್ಕೆ ಜಾಗ ಇಲ್ಲ ಗುಲಾಬಿ."

ಸೆಪ್ಟೆಂಬರಿನಲ್ಲೇ ಕೆಲಸ ಹೋಗಿತ್ತಂತೆ. ಯಜಮಾನರ ಮಗ ಬಂದು ನಾಳೆಯಿಂದ ಬೇಡ ಎಂದನಂತೆ. ನನ್ನ ಬಾಯಿಗೆ ಹೆದರಿ ಹೇಳದೆ, ದಿನಾ ಬುತ್ತಿ ಹಿಡಿದು ಊರು ಸುತ್ತಿದರಂತೆ. ಒಂದು ದಿನ ಕೂಳೂರು ಸೇತುವೆಯ ಕಟ್ಟೆ ಹಿಡಿದು ಹೊಳೆ ನೋಡುತ್ತಾ ನಿಂತಿದ್ದರು. ಸುರತ್ಕಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದ ಟೀಚರು ಅದನ್ನು ಕಂಡು, ಮುಂದಿನ ಸ್ಟಾಪಿನಲ್ಲಿ ಇಳಿದು, ಆ ಲಾರಿಗಳ ನಡುವೆ ಹಿಂದೆ ನಡೆದು ಬಂದಿದ್ದರು. ಏನೂ ಕೇಳಲಿಲ್ಲವಂತೆ. "ಚಿತ್ತರಂಜನ, ಬಾ, ಮನೆಗೆ ಹೋಗುವ," ಎಂದು ಕೈ ಹಿಡಿದರಂತೆ.

"ನಾನು ಅಲ್ಲಿ ಎಂತಕ್ಕೆ ನಿಂತದ್ದು ಅಂತ ನನಗೇ ಗೊತ್ತಿಲ್ಲ," ಎಂದರು ಇವರು.

ಬೇರೆ ಕೆಲಸ ಸಿಗುವವರೆಗೆ ಗುಲಾಬಿಗೆ ಗೊತ್ತಾಗಬಾರದು ಎಂದು ಇವರೇ ಟೀಚರಿಂದ ಭಾಷೆ ತೆಗೆದುಕೊಂಡದ್ದು. ಟೀಚರ ಮನೆಯಲ್ಲಿ ಕೂತರೆ ಎದುರಿನ ನನ್ನ ಕಣ್ಣಿಗೆ ಬೀಳುತ್ತಿದ್ದರು. ಖತೀಜಮ್ಮನ ಮನೆಯ ಹಿಂದಿನ ಗೇಟು ಬೇರೆ ರಸ್ತೆಗೆ ತೆರೆಯುತ್ತದೆ; ಹಾಗಾಗಿ ಆ ಕೀ. ನಾನು ಓಣಿಯಲ್ಲಿ ನಿಂತು ಟೀಚರಿಗೆ ಬೈದದ್ದೆಲ್ಲ ನನ್ನ ಗಂಡನನ್ನು ಬಚ್ಚಿಟ್ಟದ್ದಕ್ಕೆ!

ಅಳುತ್ತಾ ಟೀಚರ ಮನೆಗೆ ಹೋದೆ. ಕಾಲು ಹಿಡಿಯಬೇಕೆಂದು ಹೋದವಳು ಜಗಳಕ್ಕೇ ನಿಂತೆ. "ನನಗೆ ಯಾಕೆ ಹೇಳ್ಲಿಲ್ಲ? ನಾನು ಹೆಂಡತಿ ಅಲ್ವಾ?"

"ಅದು ಅವನೇ ಹೇಳ್ಬೇಕಾದ ಮಾತು."

"ನಾನು ಈಗಲೇ ಎಲ್ಲರಿಗೂ ಹೇಳ್ತೇನೆ."

"ಬೇಡ. ಅವನಿಗೆ ಇನ್ನು ಕೆಲಸ ಹುಡುಕ್ಲಿಕ್ಕುಂಟು. ಸೇತುವೆಯಲ್ಲಿ ನಿಂತವ ಅಂತ ಹೆಸರು ಬಂದ್ರೆ ಯಾರು ಕೊಡ್ತಾರೆ? ನನ್ನ ಹೆಸರು ಹೋದ್ರೆ ಹೋಗ್ಲಿ." ಹಾಗೆಂದರೂ ಕಣ್ಣು ಆ ಖಾಲಿ ಮೊಳೆಗಳ ಕಡೆಗೆ ಹೋಯಿತು. ನಾನು ನೋಡಿದೆ.

ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಬಾಯಿ ಬಿಟ್ಟರೆ ಗಂಡನ ಮಾನ ಹೋಗುತ್ತದೆ, ಬಿಡದಿದ್ದರೆ ಟೀಚರದ್ದು. ಒಂದು ತಿಂಗಳು ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ದಿನ ಸುಮ್ಮನಿದ್ದದ್ದು ಅದೇ ಮೊದಲು.

ಡಿಸೆಂಬರಿನ ಕೊನೆಗೆ ಖತೀಜಮ್ಮ ರಜೆಗೆ ಬಂದರು. ಮೀನಿನ ರಿಕ್ಷಾ ಬಂದ ಹೊತ್ತು, ಓಣಿಯ ನಾಲ್ಕೈದು ಹೆಂಗಸರು ನಮ್ಮ ಗೇಟಿನ ಎದುರೇ ಇದ್ದರು. ಇವರು ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು.

"ಯಾರು ಅಂತ ಗೊತ್ತಾಯ್ತಾ ಗುಲಾಬಿಯಕ್ಕ? ನನಗೆ ಆ ಮನೆಯಲ್ಲಿ ನಿದ್ದೆಯೇ ಬರುವುದಿಲ್ಲ," ಎಂದರು ಖತೀಜಮ್ಮ.

ತಿರುಗಿ ಇವರನ್ನು ನೋಡಿದೆ. ಪೇಪರ್ ಕೆಳಗಿಟ್ಟಿದ್ದರು. ಬೇಡ ಎನ್ನಲಿಲ್ಲ, ಹೇಳು ಎನ್ನಲೂ ಇಲ್ಲ.

"ನನ್ನ ಗಂಡ," ಎಂದೆ. "ಕೆಲಸ ಹೋಗಿತ್ತು. ನನ್ನ ಬಾಯಿಗೆ ಹೆದರಿ ಅಲ್ಲಿ ಕೂತಿದ್ರು. ಮನೆಯಲ್ಲಿ ಅವರಿಗೆ ಕೂರ್ಲಿಕ್ಕೆ ಜಾಗ ಕೊಡದವಳು ನಾನು. ಜಾಗ ಕೊಟ್ಟದ್ದು ಟೀಚರು."

ಸೇತುವೆಯ ವಿಷಯ ನಾನು ಎತ್ತಲಿಲ್ಲ. ಈಗ ಇಲ್ಲಿ ಹೇಳಿದ್ದು ಇವರನ್ನು ಕೇಳಿಯೇ. ಖತೀಜಮ್ಮ ನನ್ನ ಹತ್ತಿರವೇ ಉಳಿದಿದ್ದ ತಮ್ಮ ಇನ್ನೊಂದು ಕೀ ಇಸಿದುಕೊಂಡು ಸೀದಾ ಟೀಚರ ಮನೆಗೆ ನಡೆದರು. ನಾನೂ ಹಿಂದೆ ಹೋದೆ.

ಟೀಚರು ಕೀಗೆ ಕೈ ನೀಡಲಿಲ್ಲ. "ಕೇಳದೆ ನಿಮ್ಮ ಮನೆ ತೆರೆದದ್ದು ತಪ್ಪೇ ಖತೀಜಮ್ಮ. ಇನ್ನೊಮ್ಮೆ ಅಂಥವ ಸಿಕ್ಕಿದ್ರೆ ಪುನಃ ಕೇಳದೆಯೇ ತೆರೀತೇನೆ. ಅದನ್ನು ತಿಳಿದು ಕೊಡುವುದಾದ್ರೆ ಕೊಡಿ."

ಖತೀಜಮ್ಮ ಕೀ ನೋಡಿದರು, ನನ್ನನ್ನು ನೋಡಿದರು. "ಎಂತ ಮಾಡುವುದು ಗುಲಾಬಿಯಕ್ಕ?"

ನನಗಾದರೂ ಎಂತ ಗೊತ್ತು? ಕಾವಲಿಗೆ ಕೊಟ್ಟ ಮನೆಯನ್ನು ಹೇಳದೆ ತೆರೆಯುವುದು ನಂಬಿಕೆಯೋ ದ್ರೋಹವೋ, ಸೊಲೊಮೋನನೇ ಬಂದು ಹೇಳಬೇಕು. ನನಗೆ ಗೊತ್ತಿರುವುದು ಒಂದೇ. ಅಂದು ಟೀಚರು ಕೇಳಿಯೇ ತೆರೆಯುತ್ತೇನೆ ಎಂದು ಕೂತಿದ್ದರೆ ಇವತ್ತು ನಾನು ವಿಧವೆ.

"ಕೊಡಿ," ಎಂದೆ.