ಮಾವನವರ ಮುಂದೆ ಕೂಸು ಎತ್ತಿಕೊಂಡದ್ದು

ತಾಯಿಗೆ ತನ್ನ ಕೂಸಿನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ಕಂಡುಹಿಡಿಯಲು ನನಗೆ ವರ್ಷಗಟ್ಟಲೆ ಹಿಡಿಯಿತು. ಕೊನೆಗೆ ಇಲ್ಲ ಎಂದು ಸಾಬೀತು ಮಾಡಿ ಡಾಕ್ಟರೇಟು ತಗೊಂಡೆ.

ಎಪ್ಪತ್ತರ ದಶಕದ ಶುರುವಿನ ಮಾತು. ಗದಗಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಗೃಹವಿಜ್ಞಾನದ ಹಂಗಾಮಿ ಲೆಕ್ಚರರು. ಡಾಕ್ಟರೇಟು ಆದರೆ ನೌಕರಿ ಕಾಯಂ, ಇಲ್ಲವಾದರೆ ಬರುವ ಜೂನಿಗೆ ಮನೆ. ನನ್ನ ಗೈಡು ಅಮೆರಿಕದಲ್ಲಿ ಶಿಶುವಿಕಾಸ ಓದಿ ಬಂದ ಮೇಡಮ್ಮು. ಅಲ್ಲಿಂದ ತಂದ ಅವರ ಅಳತೆಗೋಲು ಬಹಳ ಸರಳ. ಮನೆಯ ಪಡಸಾಲೆಯಲ್ಲಿ ಕೂತು, ತಾಯಿ ಕೂಸನ್ನು ಎಷ್ಟು ಸಲ ಎತ್ತಿಕೊಂಡಳು, ಮುದ್ದುಕೊಟ್ಟಳು ಎಂದು ಗೆರೆ ಎಳೆಯಬೇಕು. ಗೆರೆ ಹೆಚ್ಚಾದಷ್ಟೂ ಪ್ರೀತಿ ಹೆಚ್ಚು.

ನಮ್ಮ ಕಡೆ ಅತ್ತೆ-ಮಾವನ ಎದುರು ಸೊಸೆ ತಾನು ಹೆತ್ತ ಕೂಸನ್ನು ಮುದ್ದಾಡಿದರೆ ಮುಗಿಯಿತು, ನಾಚಿಕೆಗೇಡಿ ಅನ್ನಿಸಿಕೊಳ್ಳುತ್ತಾಳೆ. ಪಡಸಾಲೆಯಲ್ಲಿ ಕೂಸು ಅಜ್ಜಿಯದು. ಅಡಿಗೆಮನೆಯ ಬಾಗಿಲು ದಾಟಿದ ಮೇಲೆ ತಾಯಿಯದು. ಶಿರಹಟ್ಟಿಯ ಪೂಜಾರಿಕೆ ಮನೆಯಲ್ಲೂ ಅಷ್ಟೇ, ಲಕ್ಷ್ಮೇಶ್ವರದ ಮುಸ್ಲಿಂ ಅರಿವೆ ವ್ಯಾಪಾರಿಗಳ ಮನೆಯಲ್ಲೂ ಅಷ್ಟೇ. ನಾನು ಬಸ್ಸಿನ ಧೂಳು ಕುಡಿದು ಊರೂರು ತಿರುಗಿ ತಂದ ಹಾಳೆಗಳೆಲ್ಲ ಖಾಲಿ.

ಮೇಡಮ್ಮಿಗೆ ಖುಷಿಯೋ ಖುಷಿ. ತಾಲೂಕಿಗೆ ತಾಲೂಕೇ ಮಾತೃಪ್ರೇಮದ ಕೊರತೆ! ಇಂಥದ್ದು ಸಿಕ್ಕರೆ ಪರದೇಶದ ಸಮ್ಮೇಳನದವರು ತಾವಾಗಿಯೇ ಟಿಕೆಟು ಕಳಿಸುತ್ತಾರೆ. ಅಡಿಗೆಮನೆಯಲ್ಲೂ ಒಮ್ಮೆ ಕೂತು ನೋಡೋಣ ಎಂದೆ. ಅಳತೆಗೋಲಿನಲ್ಲಿ ಅಡಿಗೆಮನೆ ಇಲ್ಲ ಎಂದರು. ಅಮೆರಿಕದವರು ಅನ್ನ ಎಲ್ಲಿ ಬೇಯಿಸುತ್ತಾರೋ ದೇವರೇ ಬಲ್ಲ.

ನಾನು ಜಗಳ ಬಿಡಲಿಲ್ಲ. ಕಡೆಗೆ ಕಣ್ಣಾರೆ ನೋಡುತ್ತೇನೆಂದು ಅವರೇ ಹೊರಟರು. ಮುಂಡರಗಿಗೆ ಹೋಗುವ ದಾರಿಯಲ್ಲಿ ಬೆಟಗೇರಿಯ ನಮ್ಮ ಮನೆಯಲ್ಲೇ ಊಟ. ಪಡಸಾಲೆಯ ಖುರ್ಚಿಯಲ್ಲಿ ಮಾವನವರು ಕೂತಿದ್ದರು. ನಿವೃತ್ತ ಮಾಸ್ತರರು, ಅವರು ಕೆಮ್ಮಿದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಅತ್ತೆ ಮೇಡಮ್ಮಿಗೆ ಶೇಂಗಾ ಚಟ್ನಿ ಬಡಿಸುತ್ತಿದ್ದರು. ನಾನು ರೊಟ್ಟಿ ಬುಟ್ಟಿ ಹಿಡಿದು ಬಂದೆ. ಬೆನ್ನಿಗೇ ಬಂದ ನನ್ನ ಎರಡು ವರ್ಷದ ಮಗಳು ಹೊಸ್ತಿಲು ಎಡವಿ ಬಿದ್ದಳು. ತುಟಿ ಒಡೆದು ರಕ್ತ ಬಂತು.

ಅತ್ತೆ ಪಾತ್ರೆ ಕೆಳಗಿಟ್ಟು ಏಳುವಷ್ಟರಲ್ಲಿ ಮೇಡಮ್ಮು ಎಡಗೈಯಲ್ಲಿ ಪೆನ್ಸಿಲು ತೆಗೆದದ್ದು ಕಂಡಿತು. ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟೂ ಊರಿನ ತಾಯಂದಿರ ಮಾನ ಈಗ ನನ್ನ ಕೈಯಲ್ಲಿದೆ ಅನ್ನಿಸಿತು. ಬುಟ್ಟಿ ಅಲ್ಲೇ ಕುಕ್ಕಿ, ಮಾವನವರ ಎದುರೇ ಕೂಸನ್ನು ಎತ್ತಿ ಎದೆಗವಚಿಕೊಂಡು ಲೊಚಲೊಚ ಮುದ್ದುಕೊಟ್ಟೆ. ಮಾವನವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಡಿಗೆಮನೆಯಲ್ಲಿ ನನ್ನ ಸೆರಗು ಬಿಡದ ಮಗಳು, ಪಡಸಾಲೆಯಲ್ಲಿ ಇದೇನು ಅನಾಹುತ ಎಂಬಂತೆ ಹೌಹಾರಿ, ನನ್ನ ಹೊಟ್ಟೆಗೆ ಒದ್ದು, ಕಿರುಚುತ್ತ ಅಜ್ಜಿಯ ಕಡೆ ಎರಡೂ ಕೈ ಚಾಚಿದಳು. ಅಜ್ಜಿಯ ಹೆಗಲಿಗೆ ಹೋದದ್ದೇ ತಡ, ಗಪ್ಪಾದಳು.

ಮೇಡಮ್ಮು ಬರೆದುಕೊಂಡರು. ನನ್ನ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಅದನ್ನೇ ದೊಡ್ಡ ಉದಾಹರಣೆ ಮಾಡಿಸಿದರು: ಸುಶಿಕ್ಷಿತ ತಾಯಿ ತಾನಾಗಿ ಎತ್ತಿಕೊಂಡರೂ ಮಗು ಆಕೆಯನ್ನು ತಿರಸ್ಕರಿಸಿತು. ಅದೊಂದನ್ನು ತೆಗೆಯಿರಿ ಎಂದು ಅವರೆದುರು ಅತ್ತುಬಿಟ್ಟೆ. ತೆಗೆದರೆ ಸಹಿ ಇಲ್ಲ ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಕೂಸಿನ ತಲೆ ಬಾಚುತ್ತಿದ್ದರು.

"ಬರಕೊಳ್ಳಲಿ ಬಿಡವ್ವಾ. ನಿನ್ನ ನೌಕರಿ ಕಾಯಂ ಆದ್ರ ಸಾಕು. ಕೂಸಿಗೇನು ಓದಾಕ ಬರತೈತೇನು?"

ಸಹಿ ಆಯಿತು, ನೌಕರಿಯೂ ಕಾಯಂ ಆಯಿತು. ಮೇಡಮ್ಮು ಪರದೇಶಕ್ಕೆ ಹೋಗಿ ಬಂದು ನನಗೊಂದು ಸೋಪು ಕೊಟ್ಟರು. ಎಂಬತ್ತರ ದಶಕದ ಕೊನೆಗೆ ಮಗಳು ನಮ್ಮ ಕಾಲೇಜಿಗೇ ಸೇರಿದಳು, ಅದೂ ಗೃಹವಿಜ್ಞಾನಕ್ಕೆ. ಆಕೆಗೆ ಗ್ರಂಥಾಲಯದ ಕಾರ್ಡು ಸಿಕ್ಕ ದಿನವೇ ನಾನು ಓಡಿಹೋಗಿ, ಅಲ್ಲಿದ್ದ ನನ್ನ ಪ್ರಬಂಧವನ್ನು ನನ್ನ ಹೆಸರಿಗೇ ಬರೆಸಿ ಮನೆಗೆ ತಂದೆ. ಇನ್ನೂ ವಾಪಸು ಕೊಟ್ಟಿಲ್ಲ.