ಬಣ್ಣ ಹೊಡೆಯಲು ಒಪ್ಪದ ಸುವರ್ಣಮ್ಮ

ಬೆಳಗಿನ ಆರು ಗಂಟೆ. ಕಾಮಗೆರೆಯ ರಸ್ತೆ ಬದಿಯ ಸೈಕಲ್ ಶಾಪಿನ ಮುಂದೆ ಸುವರ್ಣಮ್ಮ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ಕಾರ್ಬನ್ ಫೈಬರಿನ ರೇಸ್ ಸೈಕಲ್. ನಾಣ್ಯವೊಂದರಿಂದ ಅದರ ಮೈಯನ್ನು ಇಂಚಿಂಚಾಗಿ ತಟ್ಟುತ್ತಾ, ತಲೆ ವಾಲಿಸಿ ಕೇಳುತ್ತಿದ್ದಾರೆ. ಟಕ್, ಟಕ್, ಟಕ್. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಬುಡಕ್ಕೆ ಬಂದಾಗ ಸದ್ದು ಸಾಯುತ್ತದೆ. ತೊಪ್.

“ಕೇಳುಸ್ತಾ ಸಾ? ಒಳಗ ಪದರ ಬುಟ್ಕಂಡದ,” ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾ ಮೇಲೆ ಉಗುರಾಡಿಸುತ್ತಾರೆ. ಬಿಳಿ ಪುಡಿ ಉದುರುತ್ತದೆ.

ದಾನಿಯೊಬ್ಬರು ಇದನ್ನು ಕ್ರೀಡಾ ಹಾಸ್ಟೆಲ್ಲಿಗೆ ಕೊಟ್ಟು ಮೂರು ವರ್ಷವಾಗಿದೆ. ಮೂರೂ ವರ್ಷ ತಾರಸಿಯ ಮೇಲೆ ಬಿಸಿಲಿಗೆ ಒಣಗಿ, ಮಳೆಗೆ ನೆನೆದಿದೆ. ಮಕ್ಕಳ ಕೈಗೆ ಕೊಟ್ಟರೆ ಹಾಳಾದೀತು ಎಂಬ ಭಯವಂತೆ! ಈಗ ಭಾನುವಾರ ಸ್ಪರ್ಧೆ, ದಾನಿಗಳೂ ಬರುತ್ತಾರೆ. ಬಂಡಳ್ಳಿಯ ಹದಿನಾರರ ಹುಡುಗಿ ಸೌಮ್ಯ ಇದನ್ನೇ ತುಳಿಯಬೇಕೆಂದು ವಾರ್ಡನ್ ಶಾಂತಮೂರ್ತಿ ನಿನ್ನೆ ತಂದು ಬಿಟ್ಟಿದ್ದಾರೆ.

ಸುವರ್ಣಮ್ಮನಿಗೆ ಐವತ್ತೆರಡು. ಅಪ್ಪನಿಂದ ಕಲಿತ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿದ್ದಾರೆ. ದಿನಕ್ಕೆ ಹತ್ತು ಹನ್ನೆರಡು ಪಂಕ್ಚರ್. ಇವತ್ತಿಗೂ ಹೊಸಬರು ಅವರನ್ನು ದಾಟಿ ಒಳಗೆ ಇಣುಕಿ, ಮೆಕ್ಯಾನಿಕ್ ಇಲ್ಲವೇ ಎಂದು ಕೇಳುತ್ತಾರೆ. “ಕೈಲಿ ಸ್ಪಾನರ್ ಇರದು ಕಾಣಕಿಲ್ವಾ ಅವ್ರ್ಗ?” ಎಂದು ಸಿಡುಕುತ್ತಾರೆ.

ಕಾರ್ಬನ್ ಸೈಕಲ್ ಅವರಿಗೆ ಹೊಸದಲ್ಲ. ಭಾನುವಾರಗಳಂದು ಮಲೆ ಮಹದೇಶ್ವರ ಬೆಟ್ಟದತ್ತ ಹೋಗುವ ಮೈಸೂರಿನ ಸವಾರರು ಇಲ್ಲೇ ನಿಲ್ಲುತ್ತಾರೆ. ಅವರಲ್ಲೊಬ್ಬನ ಫೋರ್ಕ್ ಇಳಿಜಾರಿನಲ್ಲಿ ಮುರಿದದ್ದನ್ನು ಸುವರ್ಣಮ್ಮ ಕಣ್ಣಾರೆ ಕಂಡಿದ್ದಾರೆ. “ಕಬ್ಬಿಣ ಬಗ್ಗಿ, ಮುರೀತೀನಿ ಅಂತ ಮೊದ್ಲೇ ಏಳ್ತದ. ಇದು ಏಳಕಿಲ್ಲ, ಲಟ್ಟಂತ ಓಯ್ತದ. ದವಡೆ ಒಡ್ಕಂಡ ಉಡುಗುನ್ನ ನಾನೇ ಆಟೋಗ ಏರ್ಸ್ದೆ.”

ರಾತ್ರಿಯೇ ಬೆಂಗಳೂರಿನ ಕಾರ್ಬನ್ ರಿಪೇರಿಯವರಿಗೆ ಫೋಟೊ ಕಳಿಸಿದ್ದರು. ಫ್ರೇಮೂ ಪದರ ಬಿಟ್ಟಿದೆ, ಫೋರ್ಕನ್ನಂತೂ ಬಳಸಲೇಬೇಡಿ ಎಂದು ಉತ್ತರ ಬಂದಿದೆ.

ಎಂಟಕ್ಕೆ ಶಾಂತಮೂರ್ತಿ ಸೌಮ್ಯಳನ್ನು ಕರೆತರುತ್ತಾರೆ. ಎಲ್ಲವನ್ನೂ ಕೇಳಿ, “ಒಂದು ಕೋಟ್ ಪೇಂಟ್ ಹೊಡ್ದು ಕೊಡಮ್ಮ. ಫೋಟೊಗೆ ಚೆನ್ನಾಗ್ ಕಂಡ್ರೆ ಸಾಕು,” ಎನ್ನುತ್ತಾರೆ.

“ಈ ಮಗ ಮೊಕ ಮುಂದಾಗಿ ಬಿದ್ದಾಗ್ಲೂ ಫೋಟೊ ತಗೀತೀರಾ ಸಾ?”

“ಪಂಕ್ಚರ್ ಹಾಕೋಳಿಗೆ ಇದೆಲ್ಲ ಯಾಕೆ? ಬೇರೆಯೋರು ಹೊಡ್ದು ಕೊಡ್ತಾರೆ ಬಿಡು.” ಅವರು ಸೈಕಲ್ಲಿಗೆ ಕೈ ಹಾಕುತ್ತಾರೆ.

ಸುವರ್ಣಮ್ಮ ಗರಗಸ ಎಳೆದುಕೊಂಡು ಫೋರ್ಕಿನ ಒಂದು ಕಾಲನ್ನು ಕುಯ್ದುಹಾಕುತ್ತಾರೆ. ಸೀರೆಯ ತುಂಬ ಕಪ್ಪು ಪುಡಿ. “ಇನ್ ಯಾವನು ಬಣ್ಣ ಒಡೀತಾನೋ ಒಡೀಲಿ!”

ಹಾಸ್ಟೆಲ್ಲಿನ ರಿಪೇರಿ ಕೆಲಸ ಇನ್ನು ನಿನಗಿಲ್ಲ, ದೂರು ಕೊಡುತ್ತೇನೆ ಎಂದು ಕೂಗಾಡುತ್ತಾ ವಾರ್ಡನ್ ಹೊರಟುಹೋಗುತ್ತಾರೆ. ಸೌಮ್ಯ ಅಳುತ್ತಾಳೆ. “ನನ್ ರೇಸು ಓಯ್ತಲ್ಲಕ್ಕಾ...”

“ಎಲ್ಲಿಗೂ ಓಗಿಲ್ಲ, ಕೂತ್ಕ.” ಕೆಡದೆ ಉಳಿದಿದ್ದ ಚಕ್ರ, ಗೇರುಗಳನ್ನು ಬಿಚ್ಚಿ, ಶಾಪಿನಲ್ಲಿದ್ದ ಹಳೆಯ ಉಕ್ಕಿನ ಫ್ರೇಮಿಗೆ ಮಧ್ಯಾಹ್ನದೊಳಗೆ ಕೂಡಿಸಿಕೊಡುತ್ತಾರೆ. ಭಾನುವಾರ ಅದನ್ನೇ ತುಳಿದ ಸೌಮ್ಯ ನಾಲ್ಕನೆಯವಳಾಗುತ್ತಾಳೆ.

ಸೋಮವಾರ ನಾನು ಮತ್ತೆ ಹೋದಾಗ, ಪೊಲೀಸ್ ಠಾಣೆಯಲ್ಲಿ ದೂರು ನಿಜವಾಗಿಯೂ ದಾಖಲಾಗಿದೆ. ಸುವರ್ಣಮ್ಮ ಟ್ಯೂಬಿಗೆ ಗಾಳಿ ತುಂಬುತ್ತಿದ್ದಾರೆ.

“ಮೂರ್ ವರ್ಸ ತಾರ್ಸಿ ಮ್ಯಾಲ ಒಣ್ಗುಸ್ದೋರ್ನ ಯಾರೂ ಕೇಳ್ನಿಲ್ಲ, ಅರ್ಧ ನಿಮಿಷ ಕುಯ್ದೋಳ್ ಮ್ಯಾಲ ದೂರು ಕೊಟ್ಟವ್ರ. ಕೊಡ್ಲಿ ಸಾ. ಕರುದ್ರ ಓಗಿ, ನಾನೇ ಕುಯ್ದೆ ಅಂತ ಸೈನ್ ಹಾಕ್ ಬತ್ತೀನಿ.”