ನಾಲ್ಕು ಜನರ ನೀರು

ನಾಗಸಂದ್ರ ಮೆಟ್ರೋ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ನನ್ನ ಬಾಡಿಗೆ ಮನೆ, ಎರಡನೇ ಮಹಡಿ. ಅಲ್ಲಿಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂದರೆ, ನನ್ನ ಬಕೆಟ್ಟು ಕೊಂಡಾಗ ಯಾವ ಬಣ್ಣದ್ದಿತ್ತೋ ನನಗೇ ಮರೆತುಹೋಗಿದೆ. ಷವರ್ ತಿರುಗಿಸಿದರೆ ನಲವತ್ತು ತೂತುಗಳಲ್ಲಿ ಮೂರರಿಂದ ಮಾತ್ರ ನೀರು ಬರುತ್ತಿತ್ತು. ಅದರಲ್ಲೂ ಒಂದು ನೇರವಾಗಿ ಕಣ್ಣಿಗೆ. ಆದರೂ ನಾಲ್ಕು ವರ್ಷ ಅದರ ಗೊಡವೆಗೆ ಹೋಗಿರಲಿಲ್ಲ. ಒಬ್ಬನಿಗೆ ಮೂರು ತೂತು ಧಾರಾಳವಾಯಿತು.

ನೀರು ಮೆದು ಮಾಡುವ ಸಾಫ್ಟ್‌ನರ್ ಹಾಕಿಸುವ ಹುಚ್ಚು ಹತ್ತಿದ್ದು ಅಕ್ಕನ ಮಾತಿನಿಂದ. ಮದುವೆಗೆ ಮೊದಲು ಅವಳೂ ನಾನೂ ಇದೇ ಮನೆಯಲ್ಲಿದ್ದೆವು. ಅವಳಿಗೆ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಕೆಲಸ, ನನಗೆ ಎರಡು ರಸ್ತೆ ಆಚೆ ಮಷೀನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್. ಆಮೇಲೆ ಅವಳು ಮದುವೆಯಾಗಿ ಅತ್ತಿಬೆಲೆಗೆ ಹೋದಳು. ಎರಡೂ ಬೆಂಗಳೂರೇ ಎನ್ನುವುದು ಹೆಸರಿಗಷ್ಟೇ. ಮೆಟ್ರೋ, ಬಸ್ಸು, ಆಟೋ ಎಲ್ಲ ಸೇರಿ ಮೂರು ಗಂಟೆ. ಅಷ್ಟು ಹೊತ್ತಿನಲ್ಲಿ ನಾನು ತುಮಕೂರಿಗೆ ಹೋಗಿ ತಟ್ಟೆ ಇಡ್ಲಿ ತಿಂದು ವಾಪಸ್ ಬರಬಲ್ಲೆ. ಹಾಗಾಗಿ ಅವಳು ಯಾವಾಗ ಬಂದರೂ ಒಂದು ರಾತ್ರಿ, ಮರುದಿನ ತಿಂಡಿ ತಿಂದು ಹೊರಟೇಬಿಡುತ್ತಿದ್ದಳು.

ಈ ಯುಗಾದಿಗೂ ಹಾಗೇ. ಹೊರಡುವ ಮುನ್ನ ಬಾಚಣಿಗೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು. "ನೋಡೋ, ಒಂದ್ ಸ್ನಾನಕ್ಕೆ ಇಷ್ಟು ಕೂದ್ಲು. ಇನ್ನೊಂದಿನ ಇದ್ರೆ ನಿಮ್ ಭಾವಂಗೆ ಬೋಳು ಹೆಂಡ್ತಿನೇ ಗತಿ. ನೀರ್ ಸರಿ ಮಾಡ್ಸು, ಎಂಟು ದಿನ ಬಂದು ಬಿದ್ದಿರ್ತೀನಿ."

"ವಿಗ್ ಕೊಡಿಸ್ತೀನಿ ಬಿಡು, ಅದೇ ಚೀಪು" ಎಂದೆ. ನಕ್ಕಳು. ಅವಳನ್ನು, ಭಾವನನ್ನು, ಮೂರು ವರ್ಷದ ಮಗಳನ್ನು ಮೆಟ್ರೋ ಹತ್ತಿಸಿ ಬಂದೆ. ಆದರೆ ಎಂಟು ದಿನ ಎಂಬ ಮಾತು ತಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತ್ತು.

ಮೊದಲು ನಲ್ಲಿಗೆ ಸಿಕ್ಕಿಸುವ ಪುಟ್ಟ ಫಿಲ್ಟರ್ ತರಿಸಿದೆ, ಒಳಗೆ ಬಣ್ಣಬಣ್ಣದ ಮಣಿಗಳಿರುವಂಥದ್ದು. ನಾನೇ ಬಿಗಿಸಿದೆ. ನೀರು ಬಿಟ್ಟ ಕೂಡಲೇ ಅದು ರಾಕೆಟ್ಟಿನಂತೆ ಹಾರಿ ಕನ್ನಡಿ ಒಡೆಯಿತು. ಫ್ಯಾಕ್ಟರಿಯಲ್ಲಿ ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚುಕಮ್ಮಿ ಇದ್ದರೂ ಪೀಸ್ ರಿಜೆಕ್ಟ್ ಮಾಡುವ ಮಹಾನುಭಾವ ನಾನು. ಮನೆಯಲ್ಲಿ ಒಂದು ನಲ್ಲಿಯ ಅಳತೆ ತಿಳಿಯಲಿಲ್ಲ.

ಕೊನೆಗೆ ಟೆರೇಸಿನ ಟ್ಯಾಂಕಿನಿಂದ ನನ್ನ ಮಹಡಿಗೆ ಇಳಿಯುವ ಪೈಪಿಗೇ ಕೂರಿಸುವ ದೊಡ್ಡ ಮಷೀನೇ ಸರಿ ಎಂದು ತೀರ್ಮಾನಿಸಿದೆ. ಕೆಳಗಿನ ಮನೆಯ ಓನರಮ್ಮನ ಅನುಮತಿ ಬೇಕಿತ್ತು. ಅವರದು ಮೆಟ್ರೋ ಬರುವುದಕ್ಕೆ ಎಷ್ಟೋ ಮುಂಚಿನಿಂದ ಇಲ್ಲೇ ರಾಗಿ ಬೆಳೆದ ಮನೆತನ. ವಾರಕ್ಕೊಮ್ಮೆ ಮಷೀನಿಗೆ ಉಪ್ಪು ನೋಡಬೇಕು ಎಂದಾಗ ಅವರು ನನ್ನ ಮುಖವನ್ನೇ ನೋಡಿದರು. "ನೀರು ಮೆತ್ಗಾಗಕ್ಕೆ ಉಪ್ಪು ಆಕ್ತಾರಾ? ಇಂಗೂ ಐತೇನಪ್ಪ?" ಎಂದರು. ಬೇಡ ಎನ್ನಲಿಲ್ಲ.

ಕಂಪನಿಯಿಂದ ಟೆಕ್ನಿಷಿಯನ್ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಮ್ಮಿ. ಸಣ್ಣ ಸೀಸೆಯಲ್ಲಿ ನಮ್ಮ ನೀರು ಹಿಡಿದು ಔಷಧಿ ಹಾಕಿ ಕೆಂಪು ಮಾಡಿದರು. ಇನ್ನೊಂದು ಔಷಧಿಯನ್ನು ಹನಿಹನಿಯಾಗಿ ಬಿಡುತ್ತಾ ನೀಲಿಯಾಗುವುದನ್ನು ಕಾದರು. ಹನಿ ಹೆಚ್ಚಾದಷ್ಟೂ ನೀರು ಗಡಸು. ಎಣಿಸಿ ಎಣಿಸಿ ಅವರ ಕೈ ಸೋತಿತು, ನೀರು ಮಾತ್ರ ಕೆಂಪಗೇ ಕೂತಿತ್ತು. ಕೊನೆಗೂ ನೀಲಿಯಾದ ಮೇಲೆ ಚೀಟಿಯಲ್ಲಿ ಬರೆದುಕೊಂಡು, "ಮನೇಲಿ ಎಷ್ಟ್ ಜನ ಸಾರ್? ಅದ್ರ ಮೇಲೆ ಮಷೀನ್ ಸೈಜು" ಎಂದರು.

"ನಾಲ್ಕು" ಎಂದೆ.

ಅಕ್ಕ, ಭಾವ, ಪಾಪು, ನಾನು. ಒಬ್ಬನ ಅಳತೆಯ ಮಷೀನು ತಂದರೆ ಅಕ್ಕ ಬಂದಾಗ ಮತ್ತೆ ಕೂದಲು ಉದುರುವುದಿಲ್ಲವೇ? ನನ್ನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ, ಸ್ವಲ್ಪ ಮುಂಗಡವಾಗಿ ಹೇಳಿದ ನಿಜ. ಅವರು ಕೋಣೆಯೊಳಗೆ ಕಣ್ಣಾಡಿಸಿದರು. "ಊರಿಗ್ ಹೋಗಿದ್ದಾರೆ" ಎಂದುಬಿಟ್ಟೆ.

ಫಿಟ್ಟಿಂಗ್ ಮಾಡಲು ಅವರು ಮತ್ತೆ ಬರುವ ಭಾನುವಾರಕ್ಕೆ ನಾನು ಸಂಸಾರ ಸಜ್ಜು ಮಾಡಿದೆ. ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ, ಬಾತ್‌ರೂಮಿನಲ್ಲಿ ನಾಲ್ಕು ಬ್ರಷ್ಷು. ಅವರು ಬಂದು ಹೋದ ಮೇಲೆಯೇ ಹೊಳೆದದ್ದು: ನಾಲ್ಕು ಜೊತೆಯೂ ಗಂಡಸಿನವು, ಎಲ್ಲವೂ ಒಂಬತ್ತನೇ ನಂಬರು. ಬ್ರಷ್ಷುಗಳಲ್ಲಿ ಮೂರು ಇನ್ನೂ ಪ್ಯಾಕೆಟ್ಟಿನೊಳಗೇ ಇದ್ದವು. ಸಾಲದ್ದಕ್ಕೆ ಪೈಪ್ ಕತ್ತರಿಸುವಾಗ ಸಹಾಯ ಮಾಡುತ್ತೇನೆಂದು ಬೇರೆ ವಾಲ್ವು ತಿರುಗಿಸಿ, ಓನರಮ್ಮ ಟೆರೇಸಿನಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ನೀರು ಹರಿಸಿ ಅದನ್ನು ಮರಳಿ ಹಿಟ್ಟು ಮಾಡಿದೆ.

ಮೊದಲ ದಿನದ ಸ್ನಾನದಲ್ಲಿ ಮೈಯಿಂದ ಸೋಪು ಹೋಗಲೇ ಇಲ್ಲ. ಒಂದು ಬಕೆಟ್ಟು, ಎರಡು, ಮೂರು. ಮೀನಿನ ಹಾಗೆ ಜಾರುತ್ತಿದ್ದೆ. ಟವೆಲ್ ಸುತ್ತಿಕೊಂಡೇ ಟೆಕ್ನಿಷಿಯನ್ನಿಗೆ ಫೋನ್ ಮಾಡಿದೆ. ಅದು ಸೋಪಲ್ಲ, ಮೆದು ನೀರಿನ ಗುಣವೇ ಹಾಗೆ, ಒರೆಸಿಕೊಂಡು ಕೆಲಸಕ್ಕೆ ಹೋಗಿ ಎಂದರು.

ಅಕ್ಕನಿಗೆ ಸುದ್ದಿ ಕೊಟ್ಟೆ. "ಬಾ, ಕೂದ್ಲು ಉದುರಿದ್ರೆ ದುಡ್ಡು ವಾಪಸ್" ಎಂದೆ. ಬರ್ತೀನಿ ಎಂದಳು. ಮೊದಲು ಪಾಪುಗೆ ಶೀತವಾಯಿತು, ಆಮೇಲೆ ಭಾವನ ಶಿಫ್ಟು ಬದಲಾಯಿತು, ಆಮೇಲೆ ಯಾರದೋ ಗೃಹಪ್ರವೇಶ. ಪ್ರತಿ ಸಲವೂ ನಾನು ಒಂದು ಜೋಕು ಹೊಡೆದು ಫೋನಿಡುತ್ತಿದ್ದೆ. ಮೂರು ತಿಂಗಳಾಯಿತು. ನಾಲ್ಕು ಜನರ ಲೆಕ್ಕದಲ್ಲಿ ತಂದಿದ್ದ ಉಪ್ಪಿನ ಚೀಲಗಳು ಬಾಗಿಲ ಹಿಂದೆ ನೆಂಟರ ಹಾಗೆ ಕೂತಿದ್ದವು. ಕೆಲಸ ಮುಗಿಸಿ ಬಂದರೆ ಮೊದಲು ಕಾಣುತ್ತಿದ್ದದ್ದು ಅವೇ. ಒಂದೆರಡು ದಿನ "ಊಟ ಆಯ್ತಾ" ಎಂದು ಕೇಳಿಯೂ ಇದ್ದೇನೆ.

ಅಷ್ಟರಲ್ಲಿ ನೀರಿಗೆ ವಾಸನೆ ಹತ್ತಿತು, ಬಹಳ ದಿನ ಮುಚ್ಚಿಟ್ಟ ಬಾಟಲಿಯ ಹಾಗೆ. ಟೆಕ್ನಿಷಿಯನ್ ಮತ್ತೆ ಬಂದರು. ಮಷೀನಿನ ತಲೆಯಲ್ಲೊಂದು ಪುಟ್ಟ ಪರದೆ ಇದೆ, ದಿನಕ್ಕೆಷ್ಟು ನೀರು ಹರಿಯಿತೆಂದು ಅದರಲ್ಲಿ ಬರುತ್ತದೆ. ಬಟನ್ ಒತ್ತುತ್ತಾ ಒಂದೊಂದೇ ದಿನ ಹಿಂದಕ್ಕೆ ಹೋದರು. ನಾನು ಪಕ್ಕದಲ್ಲಿ, ಮಾರ್ಕ್ಸ್ ಕಾರ್ಡ್ ಅಪ್ಪನ ಕೈಗೆ ಸಿಕ್ಕವನಂತೆ ನಿಂತಿದ್ದೆ. ನನ್ನ ಬಕೆಟ್ಟಿನ ಲೆಕ್ಕದಲ್ಲಿ ಸೋಮವಾರ ಎರಡು ಬಕೆಟ್ಟು. ಮಂಗಳವಾರ ಎರಡು ಬಕೆಟ್ಟು. ಭಾನುವಾರ ಬಟ್ಟೆ ಒಗೆದದ್ದು ಸೇರಿ ಐದು.

"ಊರಿಂದ ಇನ್ನೂ ಬಂದಿಲ್ವಾ ಸಾರ್?" ಎಂದರು. ದನಿಯಲ್ಲಿ ಒಂಚೂರೂ ತಮಾಷೆಯಿರಲಿಲ್ಲ.

ನನಗೆ ಒಂದು ಜೋಕೂ ಹೊಳೆಯಲಿಲ್ಲ. "ಇಲ್ಲ ಅಣ್ಣ" ಎಂದೆ.

ನಾಲ್ಕು ಜನರ ಮಷೀನಿನಲ್ಲಿ ಒಬ್ಬನ ನೀರು ನಿಂತು ನಿಂತು ಕೊಳೆಯುತ್ತದೆ ಎಂದು ಅವರು ವಿವರಿಸಿದರು. ದಿನದ ಬಳಕೆ ನೋಡಿ ಅದು ತನ್ನನ್ನು ತಾನೇ ಉಪ್ಪುನೀರಿನಲ್ಲಿ ತೊಳೆದುಕೊಳ್ಳಬೇಕು, ಬಳಸದಿದ್ದರೆ ಅದಕ್ಕೆ ತೊಳೆಯುವ ನೆನಪೇ ಬರುವುದಿಲ್ಲ. ಒಳಗೆಲ್ಲ ಶುಚಿ ಮಾಡಿ ಜನರ ಸಂಖ್ಯೆ ಬದಲಾಯಿಸಿದರು. ಬಟನ್ ಒತ್ತಿದಂತೆ ನಾಲ್ಕು ಮೂರಾಯಿತು, ಎರಡಾಯಿತು, ಒಂದಾಯಿತು. "ಜನ ಬಂದಾಗ ಮೇಲಿನ ಬಟನ್ ಒತ್ತಿ ಸಾರ್, ಜಾಸ್ತಿ ಆಗುತ್ತೆ" ಎಂದು ಹೇಳಿ ಹೋದರು.

ಅವತ್ತು ಸಂಜೆ ಅಕ್ಕನಿಗೆ ಫೋನ್ ಮಾಡಿ ಜೋಕಿಲ್ಲದೆ ಕೇಳಿದೆ. "ಅಕ್ಕ, ನೀರು ಸರಿ ಆಗಿ ಮೂರ್ ತಿಂಗಳಾಯ್ತು. ಯಾಕ್ ಬರ್ತಿಲ್ಲ?"

ಅವಳು ಕೂಗುತ್ತಿದ್ದ ಕುಕ್ಕರಿನ ಒಲೆ ಆರಿಸಿ ಬಂದಳು. "ನೀರಿಗಲ್ಲ ಕಣೋ. ನಾವು ಬಂದಾಗೆಲ್ಲ ನೀನು ಗೇಲಿ ಮಾಡ್ಕೊಂಡು ಮೆಟ್ರೋ ಹತ್ತಿಸಿಬಿಡ್ತೀಯ. ಒಂದ್ ದಿನಾನೂ ಇರು ಅಂದಿಲ್ಲ. ನಿಂಗೆ ಒಬ್ನೇ ಆರಾಮ್ ಅನ್ಕೊಂಡಿದ್ದೆ."

"ಇರು" ಎಂದೆ. ಎದುರಿಗಿಲ್ಲದವಳಿಗೆ, ಫೋನಿನಲ್ಲಿ, ಪೆದ್ದನ ಹಾಗೆ.

ಮುಂದಿನ ಶುಕ್ರವಾರ ಮೂವರೂ ಬಂದರು. ನಾನು ಎಷ್ಟು ಹಿಗ್ಗಿದೆನೆಂದರೆ ಮೇಲಿನ ಬಟನ್ ಒತ್ತುವುದನ್ನೇ ಮರೆತೆ. ಪಾಪು ಜಾರುವ ನೀರಿನಲ್ಲಿ ಗಂಟೆಗಟ್ಟಲೆ ಆಡಿತು. ಒಬ್ಬನಿಗಾಗುವಷ್ಟೇ ಮೆದು ನೀರು ಉಳಿಸಿಕೊಂಡಿದ್ದ ಮಷೀನು ಶನಿವಾರ ಬೆಳಿಗ್ಗೆ ಕೈಚೆಲ್ಲಿತು. ಬಾತ್‌ರೂಮಿನಿಂದ ಅಕ್ಕನ ದನಿ ಬಂತು: "ನಿನ್ ಮಷೀನ್ ಸತ್ತೋಯ್ತು ಕಣೋ, ನೊರೆನೇ ಬರ್ತಿಲ್ಲ." ಇನ್ನು ಬ್ಯಾಗು ತುಂಬುತ್ತಾಳೆ ಎಂದುಕೊಂಡೆ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದು, ಮಧ್ಯಾಹ್ನಕ್ಕೆ ಅವರೆಕಾಳು ಸಾರು ಮಾಡಲಾ ಎಂದು ಕೇಳಿದಳು. ನನಗೆ ಆ ಬಟನ್ ಆಗಲೂ ನೆನಪಾಗಲಿಲ್ಲ, ಭಾನುವಾರವೂ ಅವಳು ಅದೇ ಗಡಸು ನೀರಿನಲ್ಲಿ ಮಿಂದಳು. ಸೋಮವಾರ ಭಾವನಿಗೆ ಡ್ಯೂಟಿ ಇತ್ತು. ಹೊರಟರು.

ಈ ಸಲ ಮೆಟ್ರೋ ಗೇಟಿನವರೆಗೂ ಬಾಯಿ ಮುಚ್ಚಿಕೊಂಡೇ ಬ್ಯಾಗು ಹೊತ್ತೆ. ಮನೆಗೆ ಬಂದರೆ ಕನ್ನಡಿಯಿಲ್ಲದ ಗೋಡೆಯ ಕೆಳಗೆ ಅಕ್ಕ ಬಾಚಣಿಗೆ ಬಿಟ್ಟುಹೋಗಿದ್ದಳು. ಹಲ್ಲುಗಳ ತುಂಬ ಕೂದಲು, ಮೂರು ದಿನದ್ದು. ಫೋಟೋ ತೆಗೆದು ವಿಗ್ಗಿನ ಬಗ್ಗೆ ಏನೋ ಟೈಪ್ ಮಾಡಿದೆ. ಅಳಿಸಿದೆ. "ಮತ್ತೆ ಯಾವಾಗ ಬರ್ತೀಯ" ಎಂದಷ್ಟೇ ಕಳಿಸಿದೆ.

ಉತ್ತರ ಬರಲಿಲ್ಲ. ಅವಳಿನ್ನೂ ದಾರಿಯಲ್ಲಿರಬೇಕು, ಮೂರು ಗಂಟೆಯ ದಾರಿ. ಬಾಗಿಲ ಹಿಂದಿನ ಒಂದು ಚೀಲ ಹೊತ್ತುಕೊಂಡು ಟೆರೇಸಿಗೆ ಹೋಗಿ ಮಷೀನಿಗೆ ಉಪ್ಪು ಸುರಿದೆ.